ಉದ್ದ, ಗಿಡ್ಡ, ಉದ್ದ

ಫೆಬ್ರವರಿ ೩

ಪ್ರೀತಿಯ ಅಕ್ಕ,

ನೀನು ಹಾಕಿದ ಕಟ್ಟಳೆ ಮುರಿದಿಲ್ಲ ನೋಡು. ಫೋನಿನಲ್ಲಿ ನಾನು ನಿನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಪತ್ರದಲ್ಲಾದರೂ ನಿನ್ನ ಸರದಿ ಬರುತ್ತದೆ ಅಂದೆಯಲ್ಲ, ಅದಕ್ಕೇ ಪೆನ್ನು ಹುಡುಕಿಕೊಂಡು ಕೂತಿದ್ದೇನೆ. ಮೂವತ್ತಾರು ವರ್ಷದ ಗಂಡಸಿಗೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ನೋವು. ನಗಬೇಡ.

ವಿಷಯಕ್ಕೆ ಬರುತ್ತೇನೆ. ಕಳೆದ ಸಲ ಬಂದಾಗ ನಿನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿಗಳ ಡಬ್ಬದ ತಳದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತಲ್ಲ. "ತಗೊಂಡ್ಹೋಗು, ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ" ಅಂದೆ. ಅದರಲ್ಲಿ ಅಪ್ಪನ ಹಾಡಿದೆ ಅಕ್ಕ. ಒಂದೇ ಹಾಡು, ನಾಲ್ಕು ನಿಮಿಷದ್ದು. ಕೆಮ್ಮಿನ ಔಷಧಿಯ ಸೀಸೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಿಟಾರಿನ ತಂತಿಯ ಮೇಲೆ ಜಾರಿಸುತ್ತ ಹಾಡುತ್ತಾನೆ. ಹಡಗಿನ ಅಡುಗೆಯವನೊಬ್ಬ ಕಲಿಸಿದ್ದು ಅನ್ನುತ್ತಿದ್ದನಲ್ಲ, ಅದೇ ಕಂಟ್ರಿ, ಅದೇ ಬ್ಲೂಸ್. ಹೋಟೆಲುಗಳಲ್ಲಿ ಉಣ್ಣುವವರ ಬೆನ್ನಿಗೆ ಮೂವತ್ತು ವರ್ಷ ಅದನ್ನೇ ಹಾಡಿದ, ಯಾರೂ ತಿರುಗಿ ನೋಡಲಿಲ್ಲ.

ಈಗ ನೋಡುತ್ತಾರೆ. ನನ್ನ ಹೊಸ ಆಲ್ಬಮ್ಮಿನ ಮೊದಲ ಹಾಡೇ ಅದು. ಅಪ್ಪನ ದನಿ, ಅಪ್ಪನ ಗಿಟಾರು, ಅದರ ಕೆಳಗೆ ನನ್ನ ಡ್ರಮ್ಮು, ಸಾಲು ಸಾಲಿನ ನಡುವೆ ನನ್ನ ಮಾತು. ನೀನು ಪ್ರತಿ ಸಲ ಕೇಳುತ್ತೀಯಲ್ಲ, "ಅದೇನೋ ಅದು ಮೂರು ಹೆಸರು?" ಅಂತ. ನನ್ನ ಪ್ರಕಾರ ಬ್ಲೂಸ್ ಅಂದರೆ ಒಂದು ದುಃಖವನ್ನು ಎರಡು ಸಲ ಹೇಳಿ ಮೂರನೇ ಸಲಕ್ಕೆ ನಕ್ಕುಬಿಡುವುದು. ಕಂಟ್ರಿ ಅಂದರೆ ಮನೆ ಬಿಟ್ಟು ಹೋದವನು ಮನೆಯ ಬಗ್ಗೆ ಹಾಡುವುದು. ಹಿಪ್-ಹಾಪ್ ಅಂದರೆ ಬೀದಿಯಲ್ಲಿ ನಿಂತು "ನಾನ್ಯಾರು ಗೊತ್ತಾ?" ಅನ್ನುವುದು. ಮೂರನ್ನೂ ಕತ್ತರಿಸಿ ಒಂದಕ್ಕೊಂದು ಸೇರಿಸಿ ಹೊಲಿಯುತ್ತೇನೆ. ನಿನ್ನ ಕೆಲಸವೇ ನನ್ನದೂ ಅಂದುಕೋ, ಅಳತೆ ಕೊಡುವವರು ಮಾತ್ರ ಇಲ್ಲ.

ಕೆಲಸ ಸುಲಭ ಇರಲಿಲ್ಲ. ಕ್ಯಾಸೆಟ್ಟಿನಲ್ಲಿ ಹಿಂದಿನಿಂದ ಒಂದು ಕಟಕಟ ಸದ್ದು, ಹಾಡಿನುದ್ದಕ್ಕೂ. ಸ್ಟುಡಿಯೋದ ಕಿವಿಯಣ್ಣ (ಸೌಂಡ್ ಎಂಜಿನಿಯರು, ನಾನಿಟ್ಟ ಹೆಸರು, ಸೊಳ್ಳೆ ಯಾವ ಶ್ರುತಿಯಲ್ಲಿ ಹಾರುತ್ತಿದೆ ಅಂತ ಹೇಳಬಲ್ಲ) ಮೂರು ದಿನ ಕೂತು ಆ ಕಸವನ್ನೆಲ್ಲ ತೊಳೆದು ತೆಗೆದ. ಆಮೇಲೆ ತಾಳ. ಅಪ್ಪನಿಗೆ ತಾಳವೇ ನಿಲ್ಲುವುದಿಲ್ಲ. ಒಂದು ಸಾಲು ಉದ್ದ, ಒಂದು ಗಿಡ್ಡ, ನಡುವೆ ಎಲ್ಲೆಂದರಲ್ಲಿ ನಿಂತುಬಿಡುತ್ತಾನೆ. ಒಂದು ಕಡೆಯಂತೂ ಸಾಲೇ ಮರೆತು ಸುಮ್ಮನೆ ಕೂತಿದ್ದಾನೆ. ಅದನ್ನೆಲ್ಲ ಕತ್ತರಿಸಿ, ಎಳೆದು, ಕಂಪ್ಯೂಟರಿನ ಗೆರೆಗಳ ಮೇಲೆ ನೆಟ್ಟಗೆ ಕೂರಿಸಿದೆವು. ಈಗ ಗಡಿಯಾರದ ಹಾಗೆ ನಡೆಯುತ್ತದೆ.

ಜೊತೆಗೆ ಒಂದು ಫಾರಂ ಇಟ್ಟಿದ್ದೇನೆ. ಸತ್ತವರ ದನಿ ಬಳಸಬೇಕಾದರೆ ಮಕ್ಕಳೆಲ್ಲ ಒಪ್ಪಿ ಸಹಿ ಹಾಕಬೇಕಂತೆ, ಕಂಪನಿಯ ನಿಯಮ. ನನ್ನದು ಹಾಕಿದ್ದೇನೆ, ನಿನ್ನದು ಬಾಕಿ. ಏಪ್ರಿಲ್ ಕೊನೆಗೆ ಆಲ್ಬಮ್ ಹೊರಗೆ ಬರುತ್ತದೆ. ಹಾಡನ್ನು ನಿನ್ನ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವಾಕೆಯ ಫೋನಿಗೆ ಕಳಿಸಿದ್ದೇನೆ, ಕೇಳು. ನನ್ನ ಮೊದಲ ಸಾಲು ಹೀಗಿದೆ:

ಅಪ್ಪನ ಚಪ್ಪಲಿ ಬಾಗಿಲಲ್ಲಿ ಇರಲಿಲ್ಲ,
ಬಂದ ದಿನವೂ ಅಪ್ಪ ಚಪ್ಪಲಿ ಕಳಚಲಿಲ್ಲ.

ಹೇಗಿದೆ?

ನಿನ್ನ
ಬಾಯಿಬಡುಕ
(ನೀನಿಟ್ಟ ಹೆಸರು ಈಗ ಪೋಸ್ಟರುಗಳ ಮೇಲಿದೆ, ಮರೆಯಬೇಡ)


ಫೆಬ್ರವರಿ ೨೧

ಪ್ರೀತಿಯ ತಮ್ಮನಿಗೆ,

ಪತ್ರ ಬಂತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ಇಲ್ಲಿ ಕೆಲಸ ಜಾಸ್ತಿ. ವಕೀಲರ ಕೋಟುಗಳು ಬಂದು ಬಿದ್ದಿವೆ. ದಪ್ಪ ವಕೀಲರು ಗೊತ್ತಲ್ಲ, ಪ್ರತಿ ವರ್ಷ ಅದೇ ಕೋಟು ತಂದು "ಸ್ವಲ್ಪ ಬಿಡಿಸಿಕೊಡಮ್ಮ, ಬಟ್ಟೆ ಕುಗ್ಗಿದೆ" ಅನ್ನುತ್ತಾರೆ. ಈ ಸಲ ಬಿಡಿಸುವುದಕ್ಕೆ ಒಳಗೆ ಬಟ್ಟೆಯೇ ಉಳಿದಿಲ್ಲ. ಬೆನ್ನಿಗೆ ಒಂದು ಪಟ್ಟಿ ಕೊಡಬೇಕು, ಅದನ್ನು ಅವರಿಗೆ ಹೇಗೆ ಹೇಳುವುದು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ಹಾಡು ಕೇಳಿದೆ. ಕಾಜಾ ಹಾಕುವಾಕೆಗೆ ಬಹಳ ಹಿಡಿಸಿತು, ದಿನಕ್ಕೆ ನಾಲ್ಕು ಸಲ ಹಾಕುತ್ತಾಳೆ. ಚಪ್ಪಲಿಯ ಸಾಲು ಚೆನ್ನಾಗಿದೆ. ನಿಜವಾದದ್ದು.

ಫಾರಮ್ಮು ಚಿಕ್ಕ ಅಕ್ಷರದಲ್ಲಿದೆ. ನನ್ನ ಕನ್ನಡಕದ ಕಾಲು ಮುರಿದಿದೆ. ನೋಡೋಣ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ


ಮಾರ್ಚ್ ೧೨

ಅಕ್ಕಾ,

"ನೋಡೋಣ" ಅಂದರೆ ಏನು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದು ನಿನ್ನ ಹಳೇ ಚಾಳಿ. ಸೂಜಿಯ ಕಣ್ಣಿಗೆ ದಾರ ಹಾಕುವವಳಿಗೆ ಫಾರಮ್ಮಿನ ಅಕ್ಷರ ಕಾಣಲಿಲ್ಲವಂತೆ! ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲಿನಲ್ಲಿ ಗುಣಿಸು ಗುರುತು ಹಾಕಿದ್ದೇನೆ, ಅದರ ಮೇಲೆ ಹಾಕಿ ಕಳಿಸು. ಕಂಪನಿಯವರು ವಾರಕ್ಕೆ ಎರಡು ಸಲ ಕೇಳುತ್ತಿದ್ದಾರೆ.

ಒಂದು ಒಳ್ಳೆ ಸುದ್ದಿ. ಮೊನ್ನೆ ರೇಡಿಯೋದವರು ಕರೆದಿದ್ದರು. ಅರ್ಧ ಗಂಟೆ ಮಾತು, ನಡುವೆ ಹಾಡು. ಅಪ್ಪನ ಬಗ್ಗೆ ಕೇಳಿದರು. ನಾನು ಇದ್ದದ್ದು ಇದ್ದ ಹಾಗೇ ಹೇಳಿದೆ. "ನಮ್ಮಪ್ಪನಿಗೆ ದನಿ ಇತ್ತು, ತಾಳ ಇರಲಿಲ್ಲ. ಬದುಕಿನಲ್ಲೂ ಅಷ್ಟೇ, ಯಾವತ್ತೂ ಸರಿಯಾದ ಹೊತ್ತಿಗೆ ಬರಲಿಲ್ಲ. ಮಗ ಆಗಿ ನಾನು ಮಾಡಿದ್ದು ಒಂದೇ ಕೆಲಸ, ಅವನನ್ನ ತಾಳಕ್ಕೆ ತಂದೆ" ಅಂದೆ. ನಡೆಸಿಕೊಡುತ್ತಿದ್ದವರು ಎಷ್ಟು ನಕ್ಕರು ಗೊತ್ತಾ? ಆ ಒಂದು ಮಾತನ್ನು ಪತ್ರಿಕೆಯವರೂ ಎತ್ತಿ ಹಾಕಿದ್ದಾರೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ, ಫೋಟೋದಲ್ಲಿ ನಾನು ಹಾಕಿರುವ ಜಾಕೆಟ್ಟು ನೀನು ಹೊಲಿದದ್ದೇ.

ಬೇಗ ಕಳಿಸು. ನಿನ್ನ ಕಾಲಿಗೆ ಬೀಳುತ್ತೇನೆ.

ಬಾಯಿಬಡುಕ


ಮಾರ್ಚ್ ೨೦

ತಮ್ಮನಿಗೆ,

ರೇಡಿಯೋ ನಾನೂ ಕೇಳಿದೆ. ಅಂಗಡಿಯಲ್ಲಿ ಹಾಕಿಕೊಂಡೇ ಕೂತಿದ್ದೆವು. ದಪ್ಪ ವಕೀಲರೂ ಇದ್ದರು. "ನಿಮ್ಮ ತಮ್ಮ ಚೆನ್ನಾಗಿ ಮಾತಾಡ್ತಾನಮ್ಮ" ಅಂದರು. ಹೌದು, ಮಾತು ಅವನಿಗೆ ಯಾವತ್ತೂ ಕಮ್ಮಿ ಇರಲಿಲ್ಲ ಅಂದೆ.

ಫಾರಮ್ಮನ್ನು ಅವರೇ ಓದಿ ಹೇಳಿದರು. ಎರಡನೇ ಪುಟದಲ್ಲಿ "ಈ ಧ್ವನಿಮುದ್ರಣದಲ್ಲಿ ಭಾಗವಹಿಸಿದವರು" ಅಂತ ಒಂದು ಜಾಗ ಇದೆ. ಅಲ್ಲಿ ನೀನು ಅಪ್ಪನ ಹೆಸರು ಒಂದನ್ನೇ ಬರೆದಿದ್ದೀಯ. ಕೆಳಗೆ ಮೂರು ಗೆರೆ ಖಾಲಿ ಬಿಟ್ಟು ಅಡ್ಡಗೀಟು ಎಳೆದಿದ್ದೀಯ. ನಾನು ಇದಕ್ಕೆ ಸಹಿ ಹಾಕುವುದಿಲ್ಲ. ವಾಪಸು ಕಳಿಸಿದ್ದೇನೆ.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಅಂತಾರೆ. ಅಪ್ಪನಿಗೆ ತಾಳ ಇರಲಿಲ್ಲ ಅಂತ ಊರಿಗೆಲ್ಲ ಹೇಳುವ ಮುಂಚೆ ಒಂದು ಸಲ ನನ್ನನ್ನು ಕೇಳಬಹುದಿತ್ತು.

ಜಾಕೆಟ್ಟಿನ ಎಡತೋಳು ಫೋಟೋದಲ್ಲಿ ಎಳೆದ ಹಾಗೆ ಕಾಣುತ್ತದೆ. ಬಂದಾಗ ಕೊಡು, ಸರಿ ಮಾಡುತ್ತೇನೆ.

ಅಕ್ಕ


ಮಾರ್ಚ್ ೨೭

ಅಕ್ಕ,

ನಿನ್ನ ಪತ್ರ ಮೂರು ಸಲ ಓದಿದೆ. ಸಿಟ್ಟು ಇಳಿಯಲಿ ಅಂತ ಒಂದು ದಿನ ಬಿಟ್ಟೆ, ಇಳಿಯಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅಪ್ಪನ ಪರವಾಗಿ ನೀನು ಯಾವಾಗಿನಿಂದ ಮಾತಾಡುವುದು? ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ "ಒಂದು ಪ್ರೋಗ್ರಾಂ ಇದೆ, ನಾಳೆ ಬಂದ್ಬಿಡ್ತೀನಿ" ಅಂತ ಗಿಟಾರು ಹೆಗಲಿಗೆ ಹಾಕಿಕೊಂಡು ಹೋದವನು ನಾಲ್ಕನೇ ದಿನ ಬಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆವತ್ತಿನಿಂದ ಅವನು ಸಾಯುವವರೆಗೆ, ಆರು ವರ್ಷ, ಅಂಗಡಿಯ ಹಿಂದಿನ ಕೋಣೆಯಲ್ಲಿ ನಿನ್ನ ಜೊತೆಗೇ ಇದ್ದ. ಆರು ವರ್ಷವೂ ಅವನೊಂದಿಗೆ ಒಂದೇ ಒಂದು ಮಾತಾಡಲಿಲ್ಲ ನೀನು. ಊಟದ ತಟ್ಟೆ ಇಟ್ಟು ಗೋಡೆ ನೋಡಿಕೊಂಡು ಹೋಗುತ್ತಿದ್ದೆ. ನಾನು ಬಂದಾಗಲೆಲ್ಲ ಅವನು ನನ್ನನ್ನು ಕೇಳುತ್ತಿದ್ದ, "ಅಕ್ಕನ ಕಾಲು ನೋವು ಹೇಗಿದೆಯಂತೆ?" ಅಂತ. ಪಕ್ಕದ ಕೋಣೆಯಲ್ಲೇ ಇದ್ದವಳ ಕಾಲು ನೋವನ್ನು!

ಆಗ ಅವನ ಮುಖ ನೋಡದವಳಿಗೆ ಈಗ ಅವನ ಮರ್ಯಾದೆ ನೆನಪಾಯಿತು. ನಿಜ ಹೇಳಲಾ? ನಿನಗೆ ಅಪ್ಪನ ಹಾಡೂ ಹಿಡಿಸಿಲ್ಲ, ನನ್ನದೂ ಹಿಡಿಸಿಲ್ಲ. ಹಾಡುವವರೆಲ್ಲ ಮನೆ ಮುಳುಗಿಸುವವರು ಅಂತ ನಿನ್ನ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ಹಾಡುಗಳನ್ನು ಇಷ್ಟು ವರ್ಷ ನಿನಗೆ ಕಳಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆ ಜಾಗದಲ್ಲಿ ಅಪ್ಪನ ಹೆಸರು ಒಂದೇ ಇದೆ, ಯಾಕೆಂದರೆ ಹಾಡಿದ್ದು ಅವನೊಬ್ಬನೇ. ಬೇರೆ ಯಾರ ಹೆಸರು ಬರೆಯಲಿ? ಕಂಪನಿಯವರಿಗೆ ಹೇಳುತ್ತೇನೆ, ಆಲ್ಬಮ್ ನಿಲ್ಲಿಸಿ ಅಂತ. ಆ ಹಾಡಿಲ್ಲದೆ ಅದನ್ನು ಹೊರಗೆ ತರಲು ನನಗೆ ಮನಸ್ಸಿಲ್ಲ. ನಿನಗೆ ಸಮಾಧಾನ ಆಗಲಿ.

ತಮ್ಮ


ಜೂನ್ ೮

ತಮ್ಮನಿಗೆ,

ಎರಡು ತಿಂಗಳ ಮೇಲಾಯಿತು. ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಕೋಣ ಅಂದೆಯಲ್ಲ, ಕೋಣ ಬೇಗ ಬರೆಯುವುದಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಹೇಳುತ್ತೇನೆ. ಹೋದ ವಾರ ಬೀದಿಯ ಟ್ರಾನ್ಸ್‌ಫಾರ್ಮರು ಸುಟ್ಟು ಎರಡು ದಿನ ಕರೆಂಟು ಇರಲಿಲ್ಲ. ಮೋಟರು ಮೆಷಿನ್ನುಗಳೆಲ್ಲ ನಿಂತವು. ಕೋಟುಗಳನ್ನು ಹೇಳಿದ ದಿನಕ್ಕೆ ಕೊಡಬೇಕು. ಮೂಲೆಯಲ್ಲಿ ಇಸ್ತ್ರಿ ಬಟ್ಟೆ ಪೇರಿಸಿಡುತ್ತೇನಲ್ಲ, ಅದರ ಕೆಳಗಿರುವುದು ನಮ್ಮ ಹಳೇ ತುಳಿಯುವ ಮೆಷಿನ್ನು. ಅದನ್ನು ಬಿಡಿಸಿ, ಎಣ್ಣೆ ಹಾಕಿ, ಕೂತೆ. ಹದಿನೈದು ವರ್ಷದ ಮೇಲೆ ಅದರ ಮೇಲೆ ಕಾಲಿಟ್ಟೆ. ಸ್ವಲ್ಪ ಹೊತ್ತಿಗೆ ಕಾಜಾ ಹಾಕುವಾಕೆ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಏನೇ?" ಅಂದೆ. "ನೀವು ಹಾಡ್ತಾ ಇದ್ದೀರ ಅಕ್ಕಾ" ಅಂದಳು. ನನಗೆ ಗೊತ್ತೇ ಆಗಿರಲಿಲ್ಲ. ಅಪ್ಪನ ಹಾಡು ಹೇಳುತ್ತಿದ್ದೆ.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಇದ್ದದ್ದು ನಿನಗೆ ಗೊತ್ತು. ಅಲ್ಲಿಗೆ ಬೇಕಾದ ದಿಂಬಿನ ಕವರುಗಳನ್ನು ನಮ್ಮ ಮನೆಯಲ್ಲೇ ಹೊಲಿಯುತ್ತಿದ್ದದ್ದು ನಿನಗೆ ನೆನಪಿರಲಾರದು, ಆಗ ನಿನಗೆ ನಾಲ್ಕು ವರ್ಷ. ಮೆಷಿನ್ನಿನ ಕೆಳಗೆ ಕೂತು ದಾರದ ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹೊಲಿಯುತ್ತಿದ್ದವಳು ನಾನು. ನನಗೆ ಹದಿನೈದು, ಆ ವರ್ಷವೇ ಶಾಲೆ ಬಿಟ್ಟಿದ್ದೆ.

ಒಂದು ದಿನ ಮಧ್ಯಾಹ್ನ ಅಪ್ಪ ಹೋಟೆಲಿನ ಮ್ಯಾನೇಜರರ ಟೇಪ್ ರೆಕಾರ್ಡರು ಹೊತ್ತುಕೊಂಡು ಬಂದ. ಹಾಡು ತುಂಬಿಸಬೇಕಂತೆ, ಸಂಜೆಯೊಳಗೆ ವಾಪಸು ಕೊಡಬೇಕಂತೆ. ಇದ್ದದ್ದು ಒಂದೇ ಕೋಣೆ. "ಸ್ವಲ್ಪ ಹೊತ್ತು ಮೆಷಿನ್ ನಿಲ್ಸು ಮಗಳೇ" ಅಂದ. "ಇನ್ನೂ ನಲವತ್ತು ಕವರಿದೆ, ಅಮ್ಮ ಬರೋದ್ರೊಳಗೆ ಆಗ್ಬೇಕು, ನಿಲ್ಸಲ್ಲ" ಅಂದೆ. ನನಗೆ ಆಗ ಅವನ ಮೇಲೆ ಎಷ್ಟು ಸಿಟ್ಟಿತ್ತು ಅಂತ ಬರೆದರೆ ಹಾಳೆ ಸಾಲದು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಸೀಸೆಯನ್ನು ಬೆರಳಿಗೆ ಹಾಕಿಕೊಂಡು, "ಸರಿ, ನೀನು ನಡೆಸು. ನಾನೇ ನಿನ್ನ ಹಿಂದೆ ಬರ್ತೀನಿ" ಅಂದ.

ದಿಂಬಿನ ಕವರು ಹೇಗೆ ಹೊಲಿಯುತ್ತಾರೆ ಗೊತ್ತಾ ನಿನಗೆ? ಒಂದರ ಮೇಲೊಂದು ಎರಡು ತುಂಡು ಬಟ್ಟೆ. ಮೊದಲು ಉದ್ದನೆಯ ಬದಿ. ಅದು ಮುಗಿದ ಕಡೆ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಬಟ್ಟೆ ಒತ್ತಿ ಹಿಡಿಯುವ ಪಾದ ಎತ್ತಿ, ಬಟ್ಟೆ ತಿರುಗಿಸಿ, ಪಾದ ಇಳಿಸಬೇಕು. ಆಮೇಲೆ ಗಿಡ್ಡ ಬದಿ. ಮತ್ತೆ ನಿಲ್ಲಬೇಕು, ತಿರುಗಿಸಬೇಕು. ಆಮೇಲೆ ಇನ್ನೊಂದು ಉದ್ದ. ನಾಲ್ಕನೆಯದು ತೆರೆದಿರುತ್ತದೆ, ದಿಂಬು ತುಂಬಲು. ಈಗ ಹಾಡು ಹೇಳಿಕೋ:

ಹೋದವರು ಹೋದರು, ಎದ್ದ ಧೂಳು ಇನ್ನೂ ಇಳಿದಿಲ್ಲ,
ಬಾಗಿಲು ತೆಗೆದಿಡು,
ಬರುವವರು ಬಂದಾರು, ಹೆಜ್ಜೆ ಸದ್ದು ಇನ್ನೂ ಕೇಳಿಲ್ಲ.

ಉದ್ದ, ಗಿಡ್ಡ, ಉದ್ದ. ಆಮೇಲೆ ನಾನು ದಾರ ಕತ್ತರಿಸಿ ಹೊಸ ಬಟ್ಟೆ ಎತ್ತಿಕೊಳ್ಳುವಷ್ಟು ಹೊತ್ತು ಅವನು ಬರೀ ಗಿಟಾರು ನುಡಿಸುತ್ತಾನೆ. ನೀನು "ಎಲ್ಲೆಂದರಲ್ಲಿ ನಿಂತುಬಿಡುತ್ತಾನೆ" ಅಂದದ್ದು ಅದು. ಅವನು ಎಲ್ಲೆಂದರಲ್ಲಿ ನಿಲ್ಲಲಿಲ್ಲ. ನಾನು ನಿಂತಲ್ಲಿ ನಿಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಡೊಂಕಿರಲಿಲ್ಲ ತಮ್ಮಾ, ನಿನಗೆ ನೆಲ ಯಾವುದು ಅಂತ ಗೊತ್ತಿರಲಿಲ್ಲ.

ಅವನಿಗೆ ತಾಳ ಇತ್ತೋ ಇಲ್ಲವೋ ನನಗೆ ತಿಳಿಯದು. ಆ ಹಾಡಿನಲ್ಲಿ ಇದ್ದ ತಾಳ ನನ್ನ ಕಾಲಿನದು. ನೀವು ಇಬ್ಬರು ಗಂಡಸರು ಕೂತು ಮೂರು ದಿನ ತೊಳೆದು ತೆಗೆದ ಕಸ ನಾನು. ನಿನ್ನ ಮೇಲೆ ಹಗೆ ಇಲ್ಲ. ನೋವಾಯಿತು, ಅದನ್ನು ಹೇಳಿದೆ. ಆ ಮನೆಯಲ್ಲಿ ನಾನು ತುಳಿದದ್ದಕ್ಕೆ ಇದ್ದ ಗುರುತು ಅದೊಂದೇ. ಕವರುಗಳೆಲ್ಲ ಯಾವತ್ತೋ ಹರಿದು ಒರೆಸುವ ಬಟ್ಟೆ ಆಗಿರುತ್ತವೆ.

ಇನ್ನು ಅಪ್ಪನ ವಿಷಯ. ಅವನು ಯಾರಿಗೂ ಕಾದವನಲ್ಲ. ಅಮ್ಮನಿಗೂ ಕಾಯಲಿಲ್ಲ. ಅದಕ್ಕೇ ಮಾತು ಬಿಟ್ಟೆ. ಅದರಲ್ಲಿ ನನ್ನದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಕಾಲು ನೋವಿನ ಮಾತು ನನಗೆ ಗೊತ್ತಿರಲಿಲ್ಲ. ನೀನು ಸಿಟ್ಟಿನಲ್ಲಿ ಬರೆದೆ, ನಾನು ಅದನ್ನು ಎರಡು ತಿಂಗಳಿನಿಂದ ಹೊತ್ತುಕೊಂಡು ಓಡಾಡುತ್ತಿದ್ದೇನೆ.

ಕರೆಂಟು ಬಂದಿದೆ. ಕೋಟುಗಳನ್ನು ಹೇಳಿದ ದಿನಕ್ಕೇ ಕೊಟ್ಟೆ.

ಅಕ್ಕ


ಜೂನ್ ೨೪

ಅಕ್ಕಾ,

ನನ್ನ ತಪ್ಪು. ಇದನ್ನು ಮೊದಲು ಬರೆದು, ಉಳಿದದ್ದು ಆಮೇಲೆ.

ನಿನ್ನ ಪತ್ರ ಸ್ಟುಡಿಯೋಗೆ ತೆಗೆದುಕೊಂಡು ಹೋದೆ. ಕಿವಿಯಣ್ಣನಿಗೆ ಓದಿ ಹೇಳುತ್ತ ಹೇಳುತ್ತ ದಿಂಬಿನ ಕವರು ಬಂದ ಕಡೆ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಉಳಿದದ್ದನ್ನು ಅವನೇ ಓದಿಕೊಂಡ. ಓದಿ ಮುಗಿಸಿದವನೇ ಎದ್ದು ಹೋಗಿ, ಕ್ಯಾಸೆಟ್ಟಿನಿಂದ ಮೊದಲ ದಿನ ಇಳಿಸಿಕೊಂಡಿದ್ದ ಪ್ರತಿ ಹುಡುಕಿ ತಂದ. ತೊಳೆಯದ್ದು, ಕತ್ತರಿಸದ್ದು. ಅದು ಅಳಿಸಿಹೋಗಿರಲಿಲ್ಲ, ನಮ್ಮ ಪುಣ್ಯ.

ಕೇಳಿದೆವು. ನಾನು ಈ ಕೆಲಸಕ್ಕೆ ಇಳಿದು ಹದಿನಾರು ವರ್ಷವಾಯಿತು. ಎಂತೆಂಥ ಡ್ರಮ್ಮರುಗಳ ಜೊತೆ ಹಾಡಿದ್ದೇನೆ. ಅಷ್ಟು ಒಳ್ಳೆಯ ಡ್ರಮ್ಮು ನಾನು ಕೇಳಿಲ್ಲ. ಬದಿ ಶುರುವಾಗುವಾಗ ನಿಧಾನ, ನಡುವೆ ವೇಗ, ಮೂಲೆ ಹತ್ತಿರ ಬಂದಾಗ ಮತ್ತೆ ನಿಧಾನ. ಅಪ್ಪನ ಸೀಸೆಯೂ ಅದಕ್ಕೆ ಸರಿಯಾಗಿ ಜಾರುತ್ತದೆ, ನಿಲ್ಲುತ್ತದೆ. ಕಂಪ್ಯೂಟರಿನ ಗೆರೆಗಳ ಮೇಲೆ ಇಟ್ಟು ನೋಡಿದರೆ ಎಲ್ಲ ಡೊಂಕು. ಗೆರೆ ಅಳಿಸಿ ಕೇಳಿದರೆ ಎಲ್ಲ ನೆಟ್ಟಗೆ. ನಾವು ಇಬ್ಬರೂ ಬೆಪ್ಪರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಇದಕ್ಕಾಗಿಯೇ ಬರೆಯುತ್ತಿರುವುದು.

ಮೊದಲ ಪತ್ರದಲ್ಲಿ, ಒಂದು ಕಡೆ ಅಪ್ಪ ಸಾಲೇ ಮರೆತು ಕೂತಿದ್ದಾನೆ ಅಂದಿದ್ದೆ, ನೆನಪಿದೆಯಾ? ಮೂರನೇ ಸುತ್ತಿನಲ್ಲಿ, "ಬಾಗಿಲು ತೆಗೆದಿಡು" ಅಂದ ಮೇಲೆ ಬರುವ ಜಾಗ. ಅದನ್ನು ಮತ್ತೆ ಹಾಕಿದೆವು. ನಿನ್ನ ಮೆಷಿನ್ನು ಹೊರಡುತ್ತದೆ, ನಾಲ್ಕು ಹೊಲಿಗೆ, ಅಷ್ಟರಲ್ಲಿ ಟಪ್ ಅಂತ ಒಂದು ಸಣ್ಣ ಸದ್ದು. ಮೆಷಿನ್ನು ನಿಲ್ಲುತ್ತದೆ. ದಾರ ತುಂಡಾಗಿದೆ ಅಕ್ಕ. ಅಪ್ಪ ಮುಂದಿನ ಸಾಲು ಎತ್ತಿಕೊಳ್ಳುವುದಿಲ್ಲ. ಹೆಬ್ಬೆರಳಿನಿಂದ ದಪ್ಪ ತಂತಿಯೊಂದನ್ನೇ ಮೆಲ್ಲಗೆ ಮೀಟುತ್ತಾನೆ. ಒಂದು, ಬಿಟ್ಟು ಇನ್ನೊಂದು. ಕಿವಿಯಣ್ಣ ದನಿ ಪೂರ್ತಿ ಏರಿಸಿದ. ಟೇಪಿನ ಸುಯ್ ಅನ್ನುವ ಸದ್ದಿನ ಕೆಳಗೆ ಒಂದು ಮಗುವಿನ ದನಿ: "ಅಪ್ಪಾ, ಹಾಡು ಮುಗೀತಾ?"

ನಾನು. ಆಗಲೂ ಸುಮ್ಮನಿರಲು ಆಗಿಲ್ಲ ನನಗೆ.

ಅಪ್ಪ ಹೇಳುತ್ತಾನೆ, ಪಿಸುಮಾತಿನಲ್ಲಿ: "ಶ್... ಅಕ್ಕ ದಾರ ಪೋಣಿಸ್ತಾ ಇದ್ದಾಳೆ. ಕಾಯೋಣ."

ಕಾಯುತ್ತಾನೆ. ಮೆಷಿನ್ನು ಹೊರಡುತ್ತದೆ. ಮೂರನೇ ತುಳಿತಕ್ಕೆ ಸರಿಯಾಗಿ "ಬರುವವರು ಬಂದಾರು" ಅಂತ ಎತ್ತಿಕೊಳ್ಳುತ್ತಾನೆ. ಕಿವಿಯಣ್ಣ ಅಳೆದ. ಹತ್ತೊಂಬತ್ತು ಸೆಕೆಂಡು. ಹಾಡಿನ ನಡುವೆ ಹತ್ತೊಂಬತ್ತು ಸೆಕೆಂಡು ಅಂದರೆ ಎಷ್ಟು ದೊಡ್ಡದು ಅಂತ ಹಾಡುವವರಿಗೆ ಮಾತ್ರ ಗೊತ್ತು. ರೇಡಿಯೋದವರು ಐದು ಸೆಕೆಂಡು ಸುಮ್ಮನಿದ್ದರೆ ಬೆವರುತ್ತಾರೆ. ಸಂಜೆಯೊಳಗೆ ಪೆಟ್ಟಿಗೆ ವಾಪಸು ಕೊಡಬೇಕು, ಇರುವುದು ಒಂದೇ ಕ್ಯಾಸೆಟ್ಟು, ಆದರೂ ಕಾದಿದ್ದಾನೆ. ನೀನು ಬೆನ್ನು ಹಾಕಿ ಕೂತಿದ್ದೆ ಅಂತ ಕಾಣುತ್ತದೆ, ಕೇಳಿಸಿಕೊಂಡಿರಲಾರೆ.

ಆ ತುಣುಕನ್ನು ಕತ್ತರಿಸಿ ಎಸೆದವನು ನಾನು. ಅವನಿಗೆ ತಾಳ ಇಲ್ಲ ಅಂತ ಊರಿಗೆಲ್ಲ ಹೇಳಿದವನೂ ನಾನೇ. ಮುಂದಿನ ವಾರ ಅದೇ ರೇಡಿಯೋಗೆ ಹೋಗುತ್ತಿದ್ದೇನೆ, ನಾನೇ ಕೇಳಿಕೊಂಡು. ಹೇಳಿದ್ದನ್ನು ಅಲ್ಲೇ ನಿಂತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹಾಡನ್ನು ಮೊದಲಿನಿಂದ ಮಾಡುತ್ತಿದ್ದೇವೆ. ನನ್ನ ಡ್ರಮ್ಮನ್ನೆಲ್ಲ ತೆಗೆದುಹಾಕಿದೆ. ಮೆಷಿನ್ನಿನ ಮೇಲೆಯೇ ಹೇಳುತ್ತೇನೆ ನನ್ನ ಮಾತುಗಳನ್ನು. ಉದ್ದಕ್ಕೆ ಉದ್ದ, ಗಿಡ್ಡಕ್ಕೆ ಗಿಡ್ಡ. ಕಷ್ಟ ಇದೆ, ಮೂಲೆಯಲ್ಲಿ ತಿರುಗುವಾಗ ಈಗಲೂ ಎಡವುತ್ತೇನೆ. ಒಂದೇ ಕಡೆ ತೀರ್ಮಾನ ಆಗಿಲ್ಲ. ಆ ಹತ್ತೊಂಬತ್ತು ಸೆಕೆಂಡಿನಲ್ಲಿ ನಾನು ಏನಾದರೂ ಹೇಳಬೇಕು ಅನ್ನುತ್ತಾರೆ ಕಂಪನಿಯವರು. ಖಾಲಿ ಬಿಟ್ಟರೆ ಕೇಳುವವರು ಫೋನು ಕೆಟ್ಟಿತು ಅಂತ ಮುಂದಿನ ಹಾಡಿಗೆ ಹೋಗುತ್ತಾರಂತೆ. ಎಂಟು ಸಾಲು ಬರೆದಿದ್ದೇನೆ, ನಿನ್ನ ಬಗ್ಗೆ. ಚೆನ್ನಾಗಿವೆ ಅಂತಲೇ ನನ್ನ ಅನಿಸಿಕೆ. ನೀನು ಏನು ಹೇಳುತ್ತೀಯೋ ಅದು.

ಹೊಸ ಫಾರಮ್ಮು ಇಟ್ಟಿದ್ದೇನೆ. ಎರಡನೇ ಪುಟ ಮೊದಲು ನೋಡು. ಗುಣಿಸು ಗುರುತು ಹಾಕಿಲ್ಲ. ಹಾಕಬೇಕು ಅನ್ನಿಸಿದರೆ ಹಾಕು, ಇಲ್ಲದಿದ್ದರೆ ಹರಿದುಬಿಡು. ಆ ತೊಳೆಯದ ಪ್ರತಿಯಿಂದ ನಾಲ್ಕು ನಿಮಿಷವನ್ನು ಪೂರ್ತಿ ಕಳಿಸಿದ್ದೇನೆ, ಕಾಜಾ ಹಾಕುವಾಕೆಯ ಫೋನಿಗೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಕೇಳು.

ಕೋಣ ಅಂದದ್ದಕ್ಕೆ ಕ್ಷಮಿಸು. ಕೋಣ ನಾನೇ, ಕಿನ್ನರಿ ನೀನು.

ನಿನ್ನ
ಬಾಯಿಬಡುಕ


ಜುಲೈ ೬

ಪ್ರೀತಿಯ ತಮ್ಮನಿಗೆ,

ಕೇಳಿದೆ.

ಯಾರೂ ಇಲ್ಲದಾಗ ಕೇಳು ಅಂದೆ. ಅಂಗಡಿಯಲ್ಲಿ ಯಾರೂ ಇಲ್ಲದೆ ಇರುವುದು ಯಾವಾಗ? ಮಧ್ಯಾಹ್ನ ಊಟದ ಹೊತ್ತಿಗೆ ಷಟರು ಅರ್ಧ ಎಳೆದು, ಕಾಜಾ ಹಾಕುವಾಕೆ ಒಂದು ಕಿವಿಗೆ, ನಾನು ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತೆವು. ಅಪ್ಪ "ಕಾಯೋಣ" ಅಂದ ಕಡೆ ಅವಳು ನನ್ನ ಕೈ ಹಿಡಿದಳು. ನಾನು ಅತ್ತೆ. ಮುಚ್ಚುಮರೆ ಯಾಕೆ, ಜೋರಾಗಿಯೇ ಅತ್ತೆ. ಅಮ್ಮ ಹೋದಾಗ ಅಳಲಿಲ್ಲ, ಅವನು ಹೋದಾಗಲೂ ಅಳಲಿಲ್ಲ, ಎಲ್ಲ ಸೇರಿ ಬಂತು. ಅಷ್ಟು ಹೊತ್ತಿಗೆ ದಪ್ಪ ವಕೀಲರು ಷಟರಿನ ಕೆಳಗಿನಿಂದ ಬಗ್ಗಿ ಒಳಗೆ ಬಂದರು. ಕೋಟಿನ ಬೆನ್ನಿಗೆ ಪಟ್ಟಿ ಕೊಟ್ಟದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು, "ಪರವಾಗಿಲ್ಲಮ್ಮ, ಪಟ್ಟಿ ಚೆನ್ನಾಗೇ ಕಾಣ್ತಿದೆ" ಅಂತ ಸಮಾಧಾನ ಮಾಡಿದರು. ಅಳುತ್ತಳುತ್ತಲೇ ನಕ್ಕೆ.

ದಾರ ತುಂಡಾದದ್ದು ನನಗೆ ನೆನಪಿಲ್ಲ. ಆ ನಲವತ್ತು ಕವರಿನಲ್ಲಿ ಎಷ್ಟು ಸಲ ತುಂಡಾಯಿತೋ. ಒಂದು ಸಲಕ್ಕೂ ತಲೆ ಎತ್ತಿ ಅವನ ಕಡೆ ನೋಡಲಿಲ್ಲ ಅನ್ನುವುದು ಮಾತ್ರ ನೆನಪಿದೆ. ಅವನು ನೋಡುತ್ತಿದ್ದ ಅಂತಾಯಿತು.

ಅಮ್ಮನಿಗೆ ಅವನು ಕಾಯಲಿಲ್ಲ. ಅದು ಹಾಗೇ ಇರಲಿ, ಅದನ್ನು ನಾನು ಅಳಿಸುವುದಿಲ್ಲ. ನೀನೂ ನಿನ್ನ ಹಾಡಿನಲ್ಲಿ ಅವನನ್ನು ದೇವರು ಮಾಡಬೇಡ. ಚಪ್ಪಲಿಯ ಸಾಲು ಇರಲಿ. ಆದರೆ ನನಗೆ ಒಂದು ಸಲ ಕಾದ. ಆರು ವರ್ಷ ಪಕ್ಕದ ಕೋಣೆಯಲ್ಲಿ ಕೂತು, ನಾನು ಮಾತಾಡಲಿ ಅಂತಲೂ ಕಾದನೋ ಏನೋ. ಆ ಕ್ಯಾಸೆಟ್ಟನ್ನು ಗುಂಡಿಗಳ ಡಬ್ಬದ ತಳಕ್ಕೆ ಹಾಕಿ ಮೂವತ್ತೆರಡು ವರ್ಷ ಇಟ್ಟುಕೊಂಡವಳು ನಾನೇ. ಯಾಕೆ ಇಟ್ಟುಕೊಂಡೆ ಅಂತ ನೀನು ಕೇಳಲಿಲ್ಲ, ಒಳ್ಳೆಯದಾಯಿತು.

ಫಾರಮ್ಮಿನ ಎರಡನೇ ಪುಟ ನೋಡಿದೆ. "ಹಾಡು ಮತ್ತು ಗಿಟಾರು: ಅಪ್ಪ. ತಾಳ: ಅಕ್ಕ, ಹೊಲಿಗೆ ಮೆಷಿನ್ನಿನ ಮೇಲೆ." ವಕೀಲರು ಎರಡು ಸಲ ಓದಿ, "ಇದು ಕಾನೂನು ಪ್ರಕಾರ ಸರಿ ಇದೆ" ಅಂದರು. ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಸಾಕ್ಷಿಯ ಜಾಗದಲ್ಲಿ ಕಾಜಾ ಹಾಕುವಾಕೆಯ ಸಹಿ ಇದೆ.

ಒಂದು ದಿಂಬಿನ ಕವರನ್ನೂ ಕಳಿಸಿದ್ದೇನೆ, ಹಳೇ ಮೆಷಿನ್ನಿನಲ್ಲೇ ಹೊಲಿದದ್ದು. ಮೂಲೆಯಲ್ಲಿ ಎಡವುತ್ತೇನೆ ಅಂದೆಯಲ್ಲ. ಬೆರಳಿಟ್ಟು ಹೊಲಿಗೆಯ ಮೇಲೆ ನಡೆಸಿಕೊಂಡು ಹೋಗು, ಮಾತು ಹೇಳುತ್ತ. ಮೂಲೆ ಬಂದಾಗ ಬೆರಳು ತಾನೇ ನಿಲ್ಲುತ್ತದೆ. ನಾಲ್ಕು ಸಲ ಮಾಡು, ಬರುತ್ತದೆ.

ಇನ್ನು ಆ ಎಂಟು ಸಾಲು. ನನ್ನ ಬಗ್ಗೆ ಬರೆದಿದ್ದೀಯ, ಚೆನ್ನಾಗಿಯೇ ಇರುತ್ತವೆ. ಇನ್ನೊಂದು ಹಾಡಿಗೆ ಇಟ್ಟುಕೋ. ಅಲ್ಲಿ ಮಾತ್ರ ಬೇಡ. ಕಂಪನಿಯವರು ಏನಾದರೂ ಹೇಳಲಿ, ಫೋನು ಕೆಟ್ಟಿತು ಅಂದುಕೊಳ್ಳುವವರು ಅಂದುಕೊಳ್ಳಲಿ. ಹುಟ್ಟಿದಾಗಿನಿಂದ ನಿನ್ನ ಬಾಯಿ ಕಟ್ಟಬೇಕು ಅಂತ ನಾನು ಎಂದೂ ಅಂದುಕೊಂಡಿಲ್ಲ, ಆ ಬಾಯಿಯಿಂದಲೇ ನೀನು ಬದುಕುತ್ತಿದ್ದೀಯ. ಆದರೆ ಆ ಹತ್ತೊಂಬತ್ತು ಸೆಕೆಂಡು ಸುಮ್ಮನಿರು. ಅಪ್ಪನ ಪಕ್ಕ ಕೂತುಕೋ.

ನಾನು ದಾರ ಪೋಣಿಸ್ತಾ ಇದ್ದೀನಿ.

ಅಕ್ಕ